ಕೌದಿಯ ಕೆಂಪು ತುಂಡು

ಕೂಡ್ಲಿಗಿಯಲ್ಲಿ ಪತ್ರಿಕೆಯ ವರದಿಗಾರನಾಗಿದ್ದಷ್ಟು ಕಾಲ ನಾನು ಒಂದು ಸುದ್ದಿಯಲ್ಲೂ ಬಣ್ಣ ತಪ್ಪು ಬರೆದವನಲ್ಲ. ಹೊಳೆಯಲ್ಲಿ ಅಪರಿಚಿತ ಹೆಣ ಸಿಕ್ಕರೆ ಅಂಗಿ ಯಾವ ಬಣ್ಣ, ಪಂಚೆಯ ಅಂಚು ಯಾವುದು, ಎಲ್ಲ ನೋಡಿಯೇ ಬರೆಯುತ್ತಿದ್ದೆ. ಮನೆಯವರು ಗುರುತು ಹಿಡಿಯುವುದೇ ಬಟ್ಟೆಯಿಂದ.

ನನಗೆ ಮಾತು ಕಲಿಸಿದವಳು ಹಲವಾಗಲಿನ ಸೋದರತ್ತೆ. ಬಿಡುವು ಸಿಕ್ಕಾಗಲೆಲ್ಲ ಹೋಗಿ ಅವಳೆದುರು ಕೂರುತ್ತಿದ್ದೆ. ಹಳೇ ಸೀರೆ, ಅಂಗಿಗಳನ್ನು ಹರಿದು ಕೌದಿ ಹೊಲಿಯುತ್ತಾ ಒಂದೊಂದು ತುಂಡಿಗೂ ಒಂದೊಂದು ಕಥೆ ಹೇಳುವಳು. ನನ್ನ ಬಿಳಿ ಅಂಗಿಯನ್ನೂ ಇಸಿದುಕೊಂಡಿದ್ದಳು.

"ನಿಂದೂ ಒಂದಿರ್ಲಿ ತಾರಲೇ, ಬರೀ ಸತ್ತೋರ್ದಾ ಆಗೈತಿ."

ಕೌದಿಯ ಮೂಲೆಯಲ್ಲಿ ಹಳದಿ ಅಂಚಿನ ಕೆಂಪು ತುಂಡೊಂದಿತ್ತು. ಅದರ ಕಥೆಯನ್ನು ನನಗೊಬ್ಬನಿಗೇ ಹೇಳಿದ್ದಳು. ಅವಳ ಮದುವೆಗೆ ಮುಂಚೆ, ತವರೂರಿನಲ್ಲಿ ಹರಿಗೋಲು ಹಾಕುತ್ತಿದ್ದವನ ಹೆಗಲ ಮೇಲಿನ ವಲ್ಲಿ ಅದು. ತುಂಬಿದ ಹೊಳೆ ಅವನನ್ನು ಒಯ್ದಿತು. ವಲ್ಲಿ ದಡದಲ್ಲಿ ಉಳಿಯಿತು.

"ಯಾರ ಮುಂದೂ ಅನ್ನಬ್ಯಾಡ. ಮನ್ಯಾಗ ಎಲ್ರೂ ಇದನ್ನ ನಮ್ಮಪ್ಪಂದು ಅಂದ್ಕೊಂಡಾರ."

ಪತ್ರಿಕೆ ಬಿಟ್ಟು ಕಾದಂಬರಿಗೆ ಕುಳಿತಾಗ ನನ್ನ ಕೈಗೆ ಬೇರೇನೂ ಬರಲಿಲ್ಲ. ಆ ಹರಿಗೋಲಿನವನೇ ಬಂದ. ಅತ್ತೆಯ ಹೆಸರು ಬದಲಿಸಿದೆ, ಊರು ಬದಲಿಸಿದೆ, ಹೊಳೆಯನ್ನು ಕೆರೆ ಮಾಡಿದೆ. ವಲ್ಲಿಯ ಬಣ್ಣ, ಅಂಚು ಮಾತ್ರ ಇದ್ದಂತೆಯೇ ಬರೆದೆ. ಹಾಳು ಅಭ್ಯಾಸ.

ಪುಸ್ತಕವನ್ನು ನಾನೇ ಹೆಮ್ಮೆಯಿಂದ ಕೊಟ್ಟುಬಂದೆ. ಓದು ಬಾರದ ಅತ್ತೆಗೆ ಸೊಸೆ ದಿನಾ ಓದಿ ಹೇಳಿದಳಂತೆ. ಆ ಪುಟಕ್ಕೆ ಬಂದು, ಓದು ನಿಲ್ಲಿಸಿ, ಅತ್ತೆಯ ತೊಡೆಯ ಮೇಲಿದ್ದ ಕೌದಿಯನ್ನೇ ನೋಡಿದಳಂತೆ. ಅಷ್ಟೇ. ಮಗ ತಾಯಿಯ ಜೊತೆ ಮಾತು ಬಿಟ್ಟ. ಇದನ್ನೆಲ್ಲ ಸೊಸೆಯೇ ಫೋನಿನಲ್ಲಿ ತಿಳಿಸಿದ್ದು.

ಮರುದಿನವೇ ಹೋದೆ. ಅತ್ತೆ ಎಂದಿನಂತೆ ಚಹಾ ಕೊಟ್ಟಳು. ಕೌದಿ ಮಂಚದ ಮೇಲಿತ್ತು. ಕೆಂಪು ತುಂಡಿನ ಜಾಗದಲ್ಲಿ ನನ್ನ ಬಿಳಿ ಅಂಗಿಯ ಬಟ್ಟೆ.

"ಅತ್ತಿ, ಅದೆಲ್ಲೈತಿ?"

"ಹೊಳಿಗೆ ಬಿಟ್ಟೆ. ಅವಂದು ಅವನಿಗೆ."

"ತಪ್ಪಾತತ್ತಿ. ಬೈಯಿ ನನ್ನ."

"ಬೈದ್ರ ಅದನ್ನೂ ಬರೀತೀಯೇನಲೇ?"

ಇಲ್ಲ ಎಂದೆ. ಆ ಮಾತನ್ನೂ ಉಳಿಸಿಕೊಳ್ಳಲಿಲ್ಲ, ನೋಡಿ.

ಮಗ ಈಗ ಮಾತಾಡುತ್ತಾನೆ. ನಾನೂ ಹೋಗುತ್ತಿರುತ್ತೇನೆ. ಅತ್ತೆ ಚಹಾ ಕೊಡುತ್ತಾಳೆ, ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಾಳೆ, ಕಥೆ ಮಾತ್ರ ಹೇಳುವುದಿಲ್ಲ. ಮೊನ್ನೆ ತಡೆಯಲಾರದೆ ಒಂದು ಹಸಿರು ತುಂಡಿನ ಮೇಲೆ ಬೆರಳಿಟ್ಟು, ಇದು ಯಾರದ್ದೆಂದು ಕೇಳಿದೆ.

"ಯಾರ್ದೋ ಏನೋ. ಸಂತ್ಯಾಗ ಸಿಕ್ಕಿದ್ದು," ಅಂದಳು.

ಅದು ತೀರಿಹೋದ ನನ್ನ ಅವ್ವನ ಸೀರೆ.