ಮೇಡಂ ಅವರ ಮುಳ್ಳಿಲಿಗಳು

ಹೋದ ವಾರ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಗೆ ಕೂತಿದ್ದೆ. ನರ್ಸು ಸ್ಪಿರಿಟ್ಟಿನ ಹತ್ತಿಯಿಂದ ತೋಳು ಒರೆಸಿದಳು. ಸೂಜಿಗೆ ಹೆದರುವವನಲ್ಲ ನಾನು. ಆ ವಾಸನೆಗೆ ಮಾತ್ರ ಕಣ್ಣು ತುಂಬಿತು. "ನೋವಾತೇನ್ರೀ ಕಾಕಾ?" ಎಂದಳು. ಹೂಂ ಎಂದೆ. ಮೇಡಂ ನೆನಪಾದರು ಎಂದರೆ ಅವಳಿಗೇನು ತಿಳಿಯಬೇಕು?

ಮೇಡಂ ಎಂದರೆ ನಾನು ಲ್ಯಾಬ್ ಅಟೆಂಡರ್ ಆಗಿರುವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. ಊರು ಕಮಲಾಪುರ, ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಂದು ಕೋಣೆ ಹಿಡಿದಿದ್ದರು. ರಜೆ ಬಂತೆಂದರೆ ಊರಿನ ಕೆಂಪು ಬಾಳೆಹಣ್ಣು ಚೀಲಕ್ಕೆ ತುಂಬಿಕೊಂಡು ಪಶ್ಚಿಮ ಘಟ್ಟದ ಮಳೆಕಾಡಿಗೆ ಹೊರಟುಬಿಡುತ್ತಿದ್ದರು. ಎಲ್ಲಾ ಒಂದು ಇಲಿಗಾಗಿ! "ಕಲಬುರಗಿ ಗಟಾರದಾಗ ಇಲಿ ಕಮ್ಮಿ ಅವೇನ್ರೀ ಮೇಡಂ?" ಎಂದು ಕಾಡಿಸುತ್ತಿದ್ದೆ.

ಅದು ಗಟಾರದ ಇಲಿಯಲ್ಲ, ಮುಳ್ಳಿಲಿ. ಅಂಗೈಯಗಲದ ಜೀವ, ಬೆನ್ನಿನ ಕೂದಲಿನ ನಡುವೆ ಚಪ್ಪಟೆ ಮುಳ್ಳು, ಬಾಟಲಿ ತೊಳೆಯುವ ಬ್ರಷ್ಷಿನಂಥ ಬಾಲ. ಎತ್ತರದ ಮರದ ಪೊಟರೆಯಲ್ಲಿ ವಾಸ, ಬಳ್ಳಿಯಿಂದ ಬಳ್ಳಿಗೆ ಓಡಾಟ, ನೆಲಕ್ಕೆ ಇಳಿಯುವುದೇ ಅಪರೂಪ. ಕಾಡುಹಣ್ಣು, ಬೀಜ ತಿನ್ನುತ್ತದೆ. ಬೈನೆ ಮರಕ್ಕೆ ಕಟ್ಟಿದ ಮಡಕೆಗೆ ಇಳಿದು ಕಳ್ಳನ್ನೂ ಕುಡಿಯುತ್ತದೆ. ಹಾಗೆ ಮಡಕೆಯಲ್ಲಿ ಬಿದ್ದು ಸತ್ತವನ್ನು, ಕಡಿದ ಮರದ ಪೊಟರೆಯಲ್ಲಿ ಸತ್ತು ಸಿಕ್ಕವನ್ನು ಮೇಡಂ ತಂದು ಸ್ಪಿರಿಟ್ಟಿನ ಜಾಡಿಯಲ್ಲಿ ಇಡುತ್ತಿದ್ದರು. ಹನ್ನೆರಡು ವರ್ಷಕ್ಕೆ ಆರು ಜಾಡಿ.

ಪ್ರತಿ ಜಾಡಿಯೊಳಗೂ ಪೆನ್ಸಿಲ್ಲಿನಲ್ಲಿ ಬರೆದ ಒಂದು ಚೀಟಿ: ಯಾವ ಕಾಡು, ಯಾವ ಮರ, ಎಷ್ಟು ಎತ್ತರ. ಟಿಪ್ಪಣಿ ಪುಸ್ತಕ ಒಮ್ಮೆ ಬಸ್ಸಿನಲ್ಲಿ ಬ್ಯಾಗಿನ ಸಮೇತ ಕಳುವಾಗಿತ್ತು. ಉಳಿದದ್ದು ಈ ಚೀಟಿಗಳಷ್ಟೇ. "ಇದು ಯಾವ ಮರದಾಗ ಇರ್ತದ ಅಂತ ಗೊತ್ತಾದ್ರ, ಯಾವ ಮರ ಕಡೀಬಾರ್ದು ಅಂತ ಹೇಳ್ಬಹುದು ನೋಡಪಾ," ಎನ್ನುತ್ತಿದ್ದರು. ನಿವೃತ್ತಿಗೆ ಮೊದಲು ಅದನ್ನೆಲ್ಲ ಬರೆದು ಮುಗಿಸಬೇಕೆಂದಿದ್ದರು.

ತಾಯಿಗೆ ಹುಷಾರಿಲ್ಲದೆ ಮೇಡಂ ಕಮಲಾಪುರದಲ್ಲೇ ಉಳಿದಿದ್ದ ತಿಂಗಳು ಕಾಲೇಜಿಗೆ ತಪಾಸಣೆಯವರು ಬರುವ ಸುದ್ದಿ ಬಂತು. ಮಾಸಿದ ಪೆನ್ಸಿಲ್ ಚೀಟಿ ನೋಡಿ ಬಂದವರು ನಕ್ಕಾರು ಎನಿಸಿತು ನನಗೆ. ನನ್ನ ಅಕ್ಷರ ಮುತ್ತಿನಂಥದ್ದೆಂದು ಎಲ್ಲರೂ ಹೇಳುತ್ತಿದ್ದರಲ್ಲ... ಒಂದು ಮಧ್ಯಾಹ್ನ ಕೂತು ಆರೂ ಚೀಟಿಗಳನ್ನು ಬಾಲ್‌ಪೆನ್ನಿನಲ್ಲಿ ಅಂದವಾಗಿ ನಕಲು ಮಾಡಿ ಜಾಡಿಗೆ ಹಾಕಿ, ಹಳೆಯವನ್ನು ಕಸಕ್ಕೆ ಒಗೆದೆ. ತಪಾಸಣೆಯವರು ಆ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ.

ಮೇಡಂ ಬಂದು ಜಾಡಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಸ್ಪಿರಿಟ್ಟಿನಲ್ಲಿ ಬಾಲ್‌ಪೆನ್ನಿನ ಮಸಿ ನಿಲ್ಲುವುದಿಲ್ಲ, ಪೆನ್ಸಿಲ್ ಮಾತ್ರ ನಿಲ್ಲುತ್ತದೆ. ಅಂದು ತಿಳಿಯಿತು ನನಗೆ. ಆರೂ ಚೀಟಿ ಬಿಳಿ.

"ಏನ್ ಮಾಡೀಪಾ ಇದು?"

"ಛಲೋ ಕಾಣ್ಲಿ ಅಂತ ಹೊಸದಾಗಿ ಬರದೀನ್ರೀ ಮೇಡಂ..."

"ಹಳೀ ಚೀಟಿ ಎಲ್ಲಿಟ್ಟಿ?"

"ಕಸದಾಗ ಒಗದೀನ್ರೀ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವನು ನಾನು. ಕಸದ ಗುಂಡಿ ಎರಡು ದಿನ ಕೆದಕಿದೆ. ಮೇಡಂ ಜಾಡಿಗಳನ್ನು ಸಾಲಾಗಿಟ್ಟುಕೊಂಡು ನೆನಪು ಮಾಡಿಕೊಳ್ಳುತ್ತಾ ಕೂರುತ್ತಿದ್ದರು. "ಇದು ಬೈನಿ ಮಡಿಕ್ಯಾಗಿಂದು... ಅಲ್ಲ, ಅದು ಇನ್ನೊಂದು..." ನೆನಪಿದ್ದಷ್ಟು ಬರೆದುಬಿಡಿ ಎಂದರು ಪ್ರಿನ್ಸಿಪಾಲರು. "ಅಂದಾಜಿಲೆ ಬರದ್ರ ಸುಳ್ಳ ಆಗ್ತದ್ರೀ ಸರ್," ಎಂದು ಮೇಡಂ ಪೆನ್ಸಿಲ್ ಕೆಳಗಿಟ್ಟರು. ಏನೂ ಬರೆಯದೆಯೇ ನಿವೃತ್ತರಾದರು.

ಒಮ್ಮೆ ಕಮಲಾಪುರಕ್ಕೆ ಕ್ಷಮೆ ಕೇಳಲು ಹೋಗಿದ್ದೆ. ಬಾಯಿಯೇ ಬರಲಿಲ್ಲ. ಬಾಳೆಹಣ್ಣು ತಿನ್ನಿಸಿ ಮಕ್ಕಳ ಓದು ವಿಚಾರಿಸಿದರು. ಹೊರಡುವಾಗ, "ಜಾಡ್ಯಾಗ ಸ್ಪಿರಿಟ್ ಕಮ್ಮಿ ಆಗದಂಗ ನೋಡ್ಕೋಪಾ," ಎಂದರು. ಅವರು ತೀರಿಕೊಂಡು ಈಗ ಮೂರು ವರ್ಷ. ಸ್ಪಿರಿಟ್ ಇಂದಿಗೂ ನಾನೇ ತುಂಬುತ್ತೇನೆ.

ಮೊನ್ನೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಈ ಇಲಿಗಳನ್ನೇ ಹುಡುಕಿಕೊಂಡು ಬಂದಿದ್ದಳು. "ಇವು ಯಾವ ಕಾಡಿನವ್ರೀ ಅಂಕಲ್? ಯಾವ ಮರದ್ದು?" ಎಂದು ಕೇಳಿದಳು. ಗೊತ್ತಿಲ್ಲವ್ವಾ ಎಂದೆ. ಅಂದು ಆರೂ ಚೀಟಿಗಳನ್ನು ಅಕ್ಷರ ಅಕ್ಷರ ನೋಡಿ ಬರೆದವನು ನಾನು. ಅಕ್ಷರ ಅಂದವಾಗಿ ಬರಲೆಂದು ಅಷ್ಟೇ ನೋಡಿದ್ದೆ, ಏನು ಬರೆದಿದೆ ಎಂದು ಒಂದನ್ನೂ ಓದಿರಲಿಲ್ಲ.