ಸೇವಾ ಪ್ರವಾಸಕ್ಕೆ ಬುತ್ತಿ ಕಟ್ಟುವ ಶಂಕ್ರವ್ವ

ಕೆಂಗೇರಿ ಮೆಟ್ರೊ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಅಕ್ಕಪಕ್ಕದವರು ಮೊಬೈಲಿನಲ್ಲಿ ಅಲಾರಾಂ ಇಡುವುದನ್ನೇ ಬಿಟ್ಟಿದ್ದಾರೆ. ಶೀಟು ಹೊದೆಸಿದ ಎರಡು ಕೋಣೆಯ ಮನೆಯೊಳಗೆ ಶಂಕ್ರವ್ವ ಕಾಲು ಮಡಚಿ ಕೂತಿದ್ದಾರೆ. ಜೋಳದ ಹಿಟ್ಟಿನ ಉಂಡೆ ಅವರ ಅಂಗೈಯಡಿ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ಬಟ್ಟೆ ಹಳದಿ ಬಣ್ಣದ್ದು. ಹೊಸತನ ಇನ್ನೂ ಪೂರ್ತಿ ಹೋಗಿಲ್ಲ, ಮೂಲೆಯಲ್ಲಿ ಅಚ್ಚು ಹಾಕಿದ ಅರ್ಧ ಅಕ್ಷರವೊಂದು ಉಳಿದುಕೊಂಡಿದೆ. ಅದೇನೆಂದು ಕೇಳಿದರೆ ಅವರು ರೊಟ್ಟಿ ಮಗುಚುತ್ತಾರೆ.

ದಿನಕ್ಕೆ ನೂರೈವತ್ತು ರೊಟ್ಟಿ ವಿಜಯನಗರದ ಖಾನಾವಳಿಗೆ ಹೋಗಬೇಕು. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಗಿನ ರೈಲು ಹತ್ತಿ, ಅತ್ತಿಗುಪ್ಪೆಯಲ್ಲಿ ಇಳಿದು ನಡೆಯುತ್ತಾರೆ. ಬಿಸಿ ರೊಟ್ಟಿಯ ವಾಸನೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರೂ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೊಬೈಲಿಗೆ ಮರಳುತ್ತಾರೆ. ಈ ವಾರ ಕೆಲಸ ಇಮ್ಮಡಿ. ಖಾನಾವಳಿಯ ಮೆತ್ತನೆಯ ರೊಟ್ಟಿಯ ಜೊತೆಗೆ ವಾರಗಟ್ಟಲೆ ಕೆಡದ ಖಡಕ್ ರೊಟ್ಟಿಯೂ ಆಗಬೇಕು. ದಸರಾ ರಜೆ ಬಂತು, ಮಕ್ಕಳ ಸೇವಾ ಪ್ರವಾಸ ಹೊರಡುವ ಹೊತ್ತು.

ವಿಜಯನಗರದ ಸಂಸ್ಥೆಯೊಂದು ಈ ಪ್ರವಾಸ ನಡೆಸುತ್ತದೆ. ಹದಿಮೂರರಿಂದ ಹದಿನೇಳರ ನಡುವಿನ, ದೊಡ್ಡ ಶಾಲೆಗಳಲ್ಲಿ ಓದುವ ಮಕ್ಕಳನ್ನು ಬಸ್ಸಿನಲ್ಲಿ ಚಾಮರಾಜನಗರದ ಕಡೆಯ ಹಳ್ಳಿಗೆ ಕರೆದೊಯ್ಯುತ್ತದೆ. ಐದು ದಿನ ಅಲ್ಲಿನ ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಗಿಡ ನೆಡಲು ಗುಂಡಿ ತೋಡುವುದು, ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸುವುದು. ಅದರಿಂದ ಹದಿಹರೆಯದವರಲ್ಲಿ ನಾಯಕತ್ವ, ಸಹಾನುಭೂತಿ, ಆತ್ಮವಿಶ್ವಾಸ ಬೆಳೆಯುತ್ತವೆ ಎಂದು ಸಂಸ್ಥೆಯ ಕರಪತ್ರ ಹೇಳುತ್ತದೆ. ಮುಂದೆ ವಿದೇಶದ ಕಾಲೇಜಿಗೆ ಅರ್ಜಿ ಹಾಕುವಾಗಲೂ ಅನುಕೂಲವಂತೆ. ಶಂಕ್ರವ್ವನ ಓಣಿಯ ಅಂಗನವಾಡಿಯ ಗೋಡೆಯೂ ಸುಣ್ಣ ಕಂಡು ಯಾವ ಕಾಲವಾಯಿತೋ. ಆದರೆ ಮೆಟ್ರೊದಲ್ಲಿ ಹೋಗಿಬರುವಷ್ಟು ಹತ್ತಿರದ ಬಡತನವನ್ನು ಪ್ರವಾಸ ಎಂದು ಕರೆಯಲು ಬರುವುದಿಲ್ಲ. ಸಂಸ್ಥೆಯ ಹೆಸರು ಬರೆಯಬೇಡಿ ಎಂದು ಶಂಕ್ರವ್ವ ಮೊದಲೇ ಕೇಳಿಕೊಂಡಿದ್ದಾರೆ.

"ಅನ್ನ ಕೊಡೋ ಮಂದಿರಿ. ನಾಳೆ ಮತ್ತ ಅವರ ಮಾರಿ ನೋಡಬೇಕಲ್ರಿ."

ಬಾದಾಮಿ ಕಡೆಯವರು ಶಂಕ್ರವ್ವ. ಮದುವೆಯಾದ ವರ್ಷವೇ ಗಂಡ ಯಲ್ಲಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದರು. ಸಿಮೆಂಟು ಹೊತ್ತು ಹೊತ್ತು ಯಲ್ಲಪ್ಪನ ಸೊಂಟ ಕೈಕೊಟ್ಟಿತು. ಈಗ ಅವರು ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾರೆ. ಅಲ್ಲಿಯೇ ಮನೆ ಮಾಡಿರುವ, ಪ್ರವಾಸದ ಉಸ್ತುವಾರಿ ನೋಡುವ ಸೌಮ್ಯಶ್ರೀ ಒಮ್ಮೆ ಯಲ್ಲಪ್ಪನ ಬುತ್ತಿಯಿಂದ ರೊಟ್ಟಿ ಚೂರು ಮುರಿದು ತಿಂದರು. ಅಲ್ಲಿಂದ ಶಂಕ್ರವ್ವನಿಗೆ ಈ ಅಡುಗೆ ಕೆಲಸ ಸಿಕ್ಕಿತು. ಸೌಮ್ಯಶ್ರೀ ಕೆಟ್ಟವರಲ್ಲ ಎಂಬುದನ್ನು ಶಂಕ್ರವ್ವ ಮೂರು ಸಲ ಹೇಳುತ್ತಾರೆ. ಅವರು ದನಿ ಏರಿಸಿದ್ದೇ ಇಲ್ಲ. ಶಂಕ್ರವ್ವನಿಗೆ ನೆಗಡಿಯಾದರೆ ಬ್ಯಾಗಿನಿಂದ ಮಾತ್ರೆ ತೆಗೆದು ಕೊಡುತ್ತಾರೆ. ದನಿ ಏರಿಸುವವರ ಎದುರು ಹೇಗೆ ನಿಲ್ಲಬೇಕೆಂದು ಕಟ್ಟಡದ ಕೆಲಸ ಕಲಿಸಿತ್ತು. ನಗುತ್ತ ಮಾತಾಡುವವರ ಎದುರು ಹೇಗೆಂಬುದನ್ನು ಯಾರೂ ಕಲಿಸಿರಲಿಲ್ಲ.

ಪ್ರವಾಸದಿಂದ ಮಕ್ಕಳಿಗೆ ಒಳ್ಳೆಯದಾಗುತ್ತದೆಯೇ ಎಂಬ ಪ್ರಶ್ನೆಗೆ ಶಂಕ್ರವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಉತ್ಸಾಹದಿಂದ ಮಾತಿಗಿಳಿಯುತ್ತಾರೆ. ಕರಪತ್ರ ಬರೆದವರಿಗಿಂತ ಹೆಚ್ಚು ಅವರು ಇದನ್ನು ನಂಬುತ್ತಾರೆ, ಕಣ್ಣಾರೆ ಕಂಡಿದ್ದಾರೆ. ಮೊದಲ ದಿನ ಸಾರಿನಲ್ಲಿ ಬದನೆಕಾಯಿ ಕಂಡು ಅತ್ತವಳು ಕೊನೆಯ ದಿನ ಹಳ್ಳಿಯ ಅಜ್ಜಿಯ ಪಕ್ಕ ಕೂತು ಹಸಿ ಮೆಣಸಿನಕಾಯಿ ಕಡಿದಿದ್ದಾಳೆ. ಯಾರೊಂದಿಗೂ ಮಾತಾಡದ ಹುಡುಗ ಮೂರನೆಯ ದಿನಕ್ಕೆ ಊರಿನ ಹುಡುಗರಿಗೆ ಕ್ರಿಕೆಟ್ ತಂಡ ಕಟ್ಟಿಕೊಟ್ಟಿದ್ದಾನೆ.

ಬಸವೇಶ್ವರನಗರದ ಬಸವಕಿರಣ್ ಎಂಬ ಹುಡುಗನ ಕತೆಯನ್ನಂತೂ ಅವರು ನಗದೆ ಹೇಳಲಾರರು. ಅವರವರ ತಟ್ಟೆ ಅವರವರೇ ತೊಳೆಯಬೇಕು, ಇದು ಶಿಬಿರದ ದೊಡ್ಡ ನಿಯಮ. ಊಟದ ಜಾಗದಲ್ಲಿ ಬಣ್ಣದ ಅಕ್ಷರಗಳಲ್ಲಿ ಬರೆದೇ ಹಾಕಿರುತ್ತಾರೆ. ಕಳೆದ ವರ್ಷದ ಪ್ರವಾಸದ ಮೊದಲ ದಿನ ಈ ಹುಡುಗ ತಟ್ಟೆಯನ್ನು ನಲ್ಲಿಯ ಕೆಳಗೆ ಇಟ್ಟು, ನೀರು ಬಿಟ್ಟು, ಎರಡು ಹೆಜ್ಜೆ ಹಿಂದೆ ನಿಂತು ಕಾಯುತ್ತಿದ್ದ. ಅದು ತನ್ನಷ್ಟಕ್ಕೆ ತೊಳೆದುಕೊಳ್ಳುತ್ತದೆಂದು ತಿಳಿದಿದ್ದನೋ ಏನೋ. ಶಂಕ್ರವ್ವ ಅವನ ಕೈ ಹಿಡಿದು ತೆಂಗಿನ ನಾರಿನಿಂದ ತಿಕ್ಕುವುದನ್ನು ತೋರಿಸಿಕೊಟ್ಟರು. "ಅಂಚು ಬಿಡಬ್ಯಾಡಪ್ಪ, ಜಿಡ್ಡು ಅಲ್ಲೇ ಕುಂತಿರ್ತದ" ಎಂದು ಹೇಳಿಕೊಟ್ಟರು. ನಾಲ್ಕನೆಯ ದಿನ ಅವನು ತನ್ನದಷ್ಟೇ ಅಲ್ಲದೆ ಪಕ್ಕದವರದನ್ನೂ ತೊಳೆದಿಡುತ್ತಿದ್ದ.

ಇದನ್ನೆಲ್ಲ ನೋಡಿದ ತಾಯಿಗೆ ತನ್ನ ಮಗಳೂ ಆ ಮಕ್ಕಳ ಸಾಲಿನಲ್ಲಿ ನಿಲ್ಲಲಿ ಅನ್ನಿಸುವುದು ತಪ್ಪೇ? ಮಗಳು ಲಕ್ಷ್ಮಿ ಬೆಂಗಳೂರಿನಲ್ಲೇ ಹುಟ್ಟಿದವಳು. ಶಾಲೆ ಸೇರಿದ ಮೇಲೆ ಅವ್ವ ಎನ್ನುವುದನ್ನು ಬಿಟ್ಟು ಅಮ್ಮ ಎನ್ನತೊಡಗಿದಳು. ಓದಿನಲ್ಲಿ ಮುಂದೆ, ಆದರೆ ಹತ್ತು ಜನರ ಎದುರು ನಾಲಿಗೆ ಹೊರಳುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಹೋದದ್ದು ಬಿಟ್ಟರೆ ಬೇರೆ ಊರು ನೋಡಿದವಳಲ್ಲ. ಶಂಕ್ರವ್ವ ಎರಡು ವರ್ಷ ಸಮಯ ಕಾದು ಸೌಮ್ಯಶ್ರೀಯವರನ್ನು ಕೇಳಿದರು. ಮೂರನೆಯ ಸಲ, ಕಳೆದ ವರ್ಷ ಲಕ್ಷ್ಮಿ ಹತ್ತನೆಯ ತರಗತಿಯಲ್ಲಿದ್ದಾಗ, ಅವರು ಒಪ್ಪಿದರು. ಅಡುಗೆಯವರ ಮಗಳೆಂದು ಅಲ್ಲ, ಉಳಿದ ಮಕ್ಕಳಂತೆಯೇ ಬರಲಿ ಎಂದು ಬಾಯಿಬಿಟ್ಟು ಹೇಳಿದರು. ಸಂಸ್ಥೆಯ ಹೆಸರಿದ್ದ ಹಳದಿ ಟೀ ಶರ್ಟನ್ನೂ ಕಳಿಸಿಕೊಟ್ಟರು. ಲಕ್ಷ್ಮಿ ಅದನ್ನು ಇಸ್ತ್ರಿ ಮಾಡಿಸಿ, ಹೊರಡುವ ತನಕ ದಿಂಬಿನಡಿ ಇಟ್ಟುಕೊಂಡಳು.

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಜೊತೆಗೆ ಕೂತವಳು ಅನಘಾ, ಯಲ್ಲಪ್ಪ ಗೇಟು ಕಾಯುವ ಅಪಾರ್ಟ್‌ಮೆಂಟಿನವಳು. ಇಬ್ಬರೂ ದಾರಿಯುದ್ದಕ್ಕೂ ಮಾತಾಡಿದರು. ಪಾತ್ರೆಗಳ ಜೊತೆ ಟೆಂಪೊದಲ್ಲಿ ಹಿಂದೆ ಬರುತ್ತಿದ್ದ ಶಂಕ್ರವ್ವನಿಗೆ ಚಹಾಕ್ಕೆ ನಿಲ್ಲಿಸಿದಾಗೆಲ್ಲ ಕಿಟಕಿಯಲ್ಲಿ ಮಗಳ ನಗು ಕಾಣುತ್ತಿತ್ತು.

ಅಡುಗೆಗೆ ಜೊತೆಯಾಗಬೇಕಿದ್ದ ಓಣಿಯ ದಾನಮ್ಮ ಆ ಬೆಳಿಗ್ಗೆ ಮೊಣಕಾಲು ಊದಿಕೊಂಡು ಉಳಿದುಬಿಟ್ಟಿದ್ದರು. ಹಳ್ಳಿ ಮುಟ್ಟಿದ ಮೇಲೆ ಅಷ್ಟು ಮಕ್ಕಳಿಗೆ ಒಬ್ಬರೇ ಬೇಯಿಸುವುದು ಆಗದ ಮಾತೆಂದು ಎಲ್ಲರಿಗೂ ಕಂಡಿತು. ಸೌಮ್ಯಶ್ರೀ ಲಕ್ಷ್ಮಿಯ ಹೆಗಲ ಮೇಲೆ ಕೈಯಿಟ್ಟರು.

"ಇವತ್ತೊಂದಿನ ಅಮ್ಮಂಗೆ ಹೆಲ್ಪ್ ಮಾಡ್ತೀಯಾ ಪುಟ್ಟಾ? ನಿಂಗಾದ್ರೆ ಎಲ್ಲಾ ಗೊತ್ತಿರುತ್ತೆ. ನಾಳೆಯಿಂದ ಅವ್ರ ಜೊತೆ ಸೇರ್ಕೊ."

ಲಕ್ಷ್ಮಿ ತಾಯಿಯ ಮುಖ ನೋಡಿದಳು. ಶಂಕ್ರವ್ವ ಹೂಂ ಅಂದುಬಿಟ್ಟರು. ಈರುಳ್ಳಿಯ ಮೂಟೆ ಎದುರಿಗೆ ಬಿದ್ದಿತ್ತು, ಒಂದು ಜೊತೆ ಕೈ ಸಿಕ್ಕಿತಲ್ಲ ಎಂದು ಆ ಗಳಿಗೆಯಲ್ಲಿ ಹಗುರವೂ ಆಯಿತು. ಆ ಹಗುರವೇ ಈಗ ಎದೆಯ ಮೇಲೆ ಕೂತಿದೆ.

ಒಂದು ದಿನ ಎಂದದ್ದು ಐದೂ ದಿನ ಆಯಿತು. ದಿನಾ ಬೆಳಿಗ್ಗೆ ಲಕ್ಷ್ಮಿ ಹಳದಿ ಟೀ ಶರ್ಟು ತೊಟ್ಟು ಬರುತ್ತಿದ್ದಳು, ದಿನವೂ ಏನಾದರೊಂದು ಕಾರಣ ಬರುತ್ತಿತ್ತು. ಹಳ್ಳಿಯ ಪಂಚಾಯಿತಿಯವರು ಊಟಕ್ಕೆ ಬಂದರು, ಮರುದಿನ ತೆಂಗಿನಕಾಯಿ ತುರಿಯುವವರಿಲ್ಲ. ಬೇರೆ ಮಕ್ಕಳ ಟೀ ಶರ್ಟಿಗೆ ಬಣ್ಣದ ಕಲೆ, ಇವಳದಕ್ಕೆ ಅರಿಶಿನದ ಕಲೆ. ಶಾಲೆಯ ಗೋಡೆಯ ಮೇಲೆ ಮಕ್ಕಳೆಲ್ಲ ಬಣ್ಣದಲ್ಲಿ ಅಂಗೈ ಅದ್ದಿ ಗುರುತು ಒತ್ತಿದ ದಿನ ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಅನಘಾ ಎರಡು ಸಲ ಕರೆಯಲು ಬಂದಳಂತೆ. ಆಮೇಲೆ ಬರಲಿಲ್ಲ.

ಕೊನೆಯ ಮಧ್ಯಾಹ್ನ ಶಿಬಿರದಲ್ಲಿ ಒಂದು ಪದ್ಧತಿಯಿದೆ. ಅಡುಗೆಯವರು, ಡ್ರೈವರು, ನೀರು ಹೊತ್ತವರು ಎಲ್ಲರನ್ನೂ ಚಾಪೆಯ ಮೇಲೆ ಸಾಲಾಗಿ ಕೂರಿಸಿ ಮಕ್ಕಳು ಬಡಿಸುತ್ತಾರೆ. ಕೃತಜ್ಞತೆ ಕಲಿಸಲು. ಬೇಯಿಸಿದ್ದೂ ಅವರೇ, ಉಣ್ಣುವುದೂ ಅವರೇ, ನಡುವೆ ಸೌಟು ಹಿಡಿಯುವ ಕೈ ಮಾತ್ರ ಬೇರೆ. ಫೋಟೊ ತೆಗೆಯುತ್ತಾರೆ. ಶಂಕ್ರವ್ವನಿಗೆ ಪ್ರತಿ ವರ್ಷ ಎದ್ದು ಒಲೆಯ ಹತ್ತಿರ ಹೋದರೆ ಸಾಕೆನ್ನಿಸುತ್ತದೆ.

ಆ ದಿನ ಲಕ್ಷ್ಮಿ ಮುಖ ತೊಳೆದು, ಬಡಿಸುವ ಮಕ್ಕಳ ಸಾಲಿನಲ್ಲಿ, ಕೈಯಲ್ಲಿ ಪಲ್ಯದ ಬಕೆಟ್ಟು ಹಿಡಿದು ನಿಂತಿದ್ದಳು. ಇದೊಂದಾದರೂ ಅವಳ ಪಾಲಿಗೆ ಉಳಿದಿತ್ತು. ಸೌಮ್ಯಶ್ರೀ ಬಂದು, ನಗುತ್ತಲೇ, ಆ ಬಕೆಟ್ಟು ತೆಗೆದು ಬೇರೆಯವರಿಗೆ ಕೊಟ್ಟರು.

"ಅಯ್ಯೋ, ನೀನು ಕೂತ್ಕೊ ಪುಟ್ಟಾ. ಅಮ್ಮನ ಪಕ್ಕ. ಇವತ್ತು ನಿಮ್ಮ ದಿನ."

ಅವರು ಮರ್ಯಾದೆ ಮಾಡಿದೆ ಎಂದೇ ತಿಳಿದರು. ಈಗಲೂ ಹಾಗೆಯೇ ತಿಳಿದಿದ್ದಾರೆ.

ಲಕ್ಷ್ಮಿ ಕೂತಳು. ಅನಘಾ ಅನ್ನ ತಂದು ಬಡಿಸಿ, ಸಾಕಾ ಎಂದು ಕೇಳಿದಳು. ಇನ್ನೂ ಹಾಕು ಅಂದಳು ಲಕ್ಷ್ಮಿ. ಹಾಕಿದಳು. ಸಾರು ಕಡಿಮೆ ಆಯಿತು ಅಂದಳು, ಒಬ್ಬ ಓಡಿ ತಂದ. ಪಲ್ಯ ತರಿಸಿದಳು, ಹಪ್ಪಳ ತರಿಸಿದಳು, ಲೋಟದಲ್ಲಿದ್ದ ನೀರು ಬೇಡವೆಂದು ಬೇರೆ ತರಿಸಿದಳು. ಮಕ್ಕಳಿಗೆ ಮೊದಮೊದಲು ತಮಾಷೆಯಾಗಿ ಕಂಡಿತು, ನಕ್ಕರು. ಲಕ್ಷ್ಮಿ ನಗಲಿಲ್ಲ. ಹತ್ತು ಜನರ ಎದುರು ಬಾಯಿ ಬಿಡದ ಹುಡುಗಿ ಅಷ್ಟೂ ಜನರಿಗೆ ಒಂದೊಂದು ಕೆಲಸ ಹೇಳಿದಳು. ಬಡಿಸಿದ್ದನ್ನೆಲ್ಲ ಉಂಡಳು. ಆಮೇಲೆ ಎದ್ದು, ತಟ್ಟೆಯನ್ನು ಅಲ್ಲಿಯೇ ಬಿಟ್ಟು, ಕೈ ತೊಳೆದು, ಶಾಲೆಯ ಜಗಲಿಯ ಮೇಲೆ ಹೋಗಿ ಕೂತಳು.

ಬೆಂಗಳೂರಿಗೆ ಮರಳಿದ ಮೇಲೆ ಒಂದು ಭಾನುವಾರ ಲಕ್ಷ್ಮಿ ಕತ್ತರಿ ಹಿಡಿದು ಟೀ ಶರ್ಟನ್ನು ನಾಲ್ಕು ತುಂಡು ಮಾಡಿ ತಾಯಿಯ ಮುಂದೆ ಇಟ್ಟಳು. "ಅಮ್ಮ, ಬಟ್ಟೆ ದಪ್ಪ ಇದೆ. ರೊಟ್ಟಿಗೆ ನೀರು ಸವರೋಕೆ ಚೆನ್ನಾಗಿರುತ್ತೆ" ಎಂದಳು. ಶಂಕ್ರವ್ವ ಬೈಯಲಿಲ್ಲ. ಬೈಯುವುದಾದರೂ ಯಾವ ಬಾಯಿಂದ?

ಈಗ ಅವಳು ವಿಜಯನಗರದ ಕಾಲೇಜಿನಲ್ಲಿ ಮೊದಲ ಪಿಯುಸಿ ಓದುತ್ತಾಳೆ. ಸೌಮ್ಯಶ್ರೀ ಮೊನ್ನೆ ಫೋನ್ ಮಾಡಿ, ಈ ಸಲ ಖಂಡಿತ ಲಕ್ಷ್ಮಿಯನ್ನು ಮಕ್ಕಳ ಜೊತೆಗೇ ಬಿಡುವುದಾಗಿ ಹೇಳಿದರು. ಮಗಳು ಪುಸ್ತಕದಿಂದ ತಲೆ ಎತ್ತದೆ, ಟೈಮ್ ಇಲ್ಲ ಅಂತ ಹೇಳು ಎಂದಳು. ಶಂಕ್ರವ್ವ ಹಾಗೆಯೇ ಹೇಳಿದರು. ತಾವು ಮಾತ್ರ ಈ ವರ್ಷವೂ ಹೋಗುತ್ತಾರೆ, ಯಲ್ಲಪ್ಪನ ಸೊಂಟ ಸರಿಯಾಗುವ ಲಕ್ಷಣವಿಲ್ಲ. ಮಕ್ಕಳ ಮೇಲೆ ಸಿಟ್ಟಿದೆಯೇ ಎಂದರೆ ಇಲ್ಲವೆಂದು ಕೈ ಅಲ್ಲಾಡಿಸುತ್ತಾರೆ. ತಮ್ಮ ಮೇಲಿದೆ, ಅದನ್ನು ಮುಚ್ಚಿಡುವುದಿಲ್ಲ. ಮಗಳಿಗೆ ಸಿಗಬೇಕಾದದ್ದು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಹದಿನೈದರ ವಯಸ್ಸು ಮತ್ತೆ ಬರುವಂಥದ್ದಲ್ಲ.

ರೊಟ್ಟಿಯ ಗಂಟು ಕಟ್ಟಿ ಆಯಿತು. ಹೊರಗೆ ಮೆಟ್ರೊ ಬಂದು ನಿಂತ ಸದ್ದು. ಚಪ್ಪಲಿ ಮೆಟ್ಟುತ್ತ ಶಂಕ್ರವ್ವ ಇಷ್ಟು ಹೊತ್ತು ಹೇಳದೆ ಬಿಟ್ಟಿದ್ದನ್ನು ಹೇಳುತ್ತಾರೆ. ಆ ಮಧ್ಯಾಹ್ನ ಮಕ್ಕಳ ಊಟವೂ ಮುಗಿದು ಎಲ್ಲ ತಟ್ಟೆಗಳೂ ಎದ್ದ ಮೇಲೆ ಚಾಪೆಯ ಎದುರು ಲಕ್ಷ್ಮಿಯದೊಂದೇ ಉಳಿದಿತ್ತು. ಸೌಮ್ಯಶ್ರೀ ಒಮ್ಮೆ ಆ ತಟ್ಟೆಯನ್ನು ನೋಡಿದರು, ಒಮ್ಮೆ ಶಂಕ್ರವ್ವನನ್ನು ನೋಡಿದರು. ಆ ನೋಟದ ಅರ್ಥ ಶಂಕ್ರವ್ವನಿಗೆ ಹೊಸದಲ್ಲ. ಕಡೆಗೆ ಬಸವಕಿರಣ್ ಬಂದು, ತನ್ನ ತಟ್ಟೆಯ ಜೊತೆ ಅದನ್ನೂ ಎತ್ತಿಕೊಂಡು ನಲ್ಲಿಯ ಹತ್ತಿರ ಹೋದ.

"ತಿಕ್ಕಿ ತಿಕ್ಕಿ ತೊಳದನ್ರಿ, ಅಂಚು ಬಿಡಲಿಲ್ಲ. ನಾನ ಕಲಿಸಿದ್ದು. ನನ್ನ ಮಗಳ ತಾಟು ಅದು. ಹುಟ್ಟಿದಾಗಿಂದ ಎಂಜಲು ತಾಟು ಕಂಡಲ್ಲಿ ಈ ಕೈ ತಾನಾಗೇ ಮುಂದ ಹೋಗ್ತದ. ಅವತ್ತು ಹೋಗಲಿಲ್ಲರಿ. ನಿಂತು ನೋಡಿದೆ."