ಸಾಹೇಬರ ‘ಸ್ವಲ್ಪ’

ನಲವತ್ತರ ದಶಕದ ಮಾತು. ಗಂಗಾವತಿ ಕಡೆ ಹೊಳೆಯ ದಂಡೆಗುಂಟ ಕಾಲುವೆಗಾಗಿ ನೆಲ ಅಳೆಯುತ್ತಿದ್ದ ಇಂಗ್ಲಿಷ್ ಸಾಹೇಬರೊಬ್ಬರಿಗೆ ನಾನು ದುಭಾಷಿಯಾಗಿದ್ದೆ. ಕೊಪ್ಪಳದ ಶಾಲೆಯಲ್ಲಿ ಕಲಿತ ಇಂಗ್ಲಿಷ್ ನನ್ನದು, ವ್ಯಾಕರಣ ಗಟ್ಟಿಯಿತ್ತು. ಆದರೂ ಮೊದಮೊದಲು ಅವರ ಮಾತು ಕೈಗೆ ಸಿಗುತ್ತಿರಲಿಲ್ಲ. ಶಬ್ದಗಳೆಲ್ಲ ಗೊತ್ತಿದ್ದವು, ಅವುಗಳ ತೂಕ ಗೊತ್ತಿರಲಿಲ್ಲ.

ಬಂಡೆ ಕಾದು ಕೂಲಿಯವರ ಅಂಗಾಲಿಗೆ ಬೊಬ್ಬೆ ಎದ್ದ ದಿನ ಅವರು ‘ಎ ಬಿಟ್ ವಾರ್ಮ್’ ಅಂದರು. ಸ್ವಲ್ಪ ಬೆಚ್ಚಗಿದೆ ಅಂತ. ಡೇರೆಯೊಳಗೆ ನಾಗರಹಾವು ಹೊಕ್ಕಾಗ ‘ರಾದರ್ ಆಕ್ವರ್ಡ್’, ತುಸು ಪೇಚಿನ ಸಂಗತಿ! ನಾನು ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಹೇಳಿದರೆ ಕೂಲಿಯವರು ನಗುತ್ತಿದ್ದರು.

“ಸಾಹೇಬಗ ಬಿಸಲ ಹತ್ತಂಗಿಲ್ಲೇನ್ರಿ?” ಎಂದು ಒಬ್ಬ ಕೇಳಿದ. ಸಾಹೇಬರ ಕತ್ತು ಸುಟ್ಟು ಚರ್ಮ ಸುಲಿಯುತ್ತಿತ್ತು.

ಒಂದು ಬೆಳಿಗ್ಗೆ ಅವರು ದುರ್ಬೀನಿನ ಬಳಿ ನಿಂತು, ನನ್ನತ್ತ ನೋಡದೆ, ಊರಿಂದ ‘ರಾದರ್ ಬ್ಯಾಡ್ ನ್ಯೂಸ್’, ತುಸು ಕೆಟ್ಟ ಸುದ್ದಿ, ಬಂದಿದೆ ಎಂದರು. ಮಗ ಯುದ್ಧದಲ್ಲಿ ತೀರಿಕೊಂಡಿದ್ದ. ಅಷ್ಟು ಹೇಳಿ ಕೆಲಸಕ್ಕೆ ಬಾಗಿದರು. ಅಂದು ಒಂದೇ ಗೂಟದ ದೂರವನ್ನು ಮತ್ತೆ ಮತ್ತೆ ಅಳೆಸಿದರು. ಆಮೇಲೆ ಅವರ ಬಾಯಲ್ಲಿ ‘ಸ್ವಲ್ಪ’, ‘ತುಸು’ ಎಂಬ ಸಣ್ಣ ಮಾತು ಬಂದರೆ ನನಗೆ ಅಂಜಿಕೆಯಾಗುತ್ತಿತ್ತು.

ಮರುವರ್ಷ ಮಳೆಗಾಲದಲ್ಲಿ ಹೆಂಡತಿ, ಮಗಳು ಇದ್ದ ಬೇವೂರಿನಿಂದ ನನ್ನ ಹೆಂಡತಿಯ ತಮ್ಮ ಓಡಿಬಂದ. “ಮಾವಾರ, ಕೂಸಿಗೆ ಜ್ವರ ಭಾಳ ಬಂದಾವ್ರಿ. ಲಗೂನ ನಡೀರಿ.”

ನಾನು ಊರು ಮುಟ್ಟುವಷ್ಟರಲ್ಲಿ ಮಗಳನ್ನು ಮಣ್ಣು ಮಾಡಿ ಬಂದಿದ್ದರು. ನಮ್ಮದು ಒಂದೇ ಕೂಸು, ಆಗಷ್ಟೇ ನಡೆಯಲು ಕಲಿತಿತ್ತು. ಹೆಂಡತಿ ಗೋಡೆಗೆ ಹಣೆ ಬಡಿದುಕೊಂಡು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ.

ಕೆಲಸಕ್ಕೆ ಮರಳಿದಾಗ ಸಾಹೇಬರು ಮನೆಯಲ್ಲಿ ಹೇಗಿದ್ದಾರೆಂದು ಕೇಳಿದರು. “ಎ ಲಿಟಲ್ ಬ್ಯಾಡ್, ಸರ್” ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಅವರು ನನ್ನ ಮುಖ ನೋಡಿದರು, ಟೊಪ್ಪಿಗೆ ತೆಗೆದರು, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಅಂದು ನೆಲ ಅಳೆಯುವ ಕೆಲಸ ನಡೆಯಲಿಲ್ಲ.

ಮುಂದೆ ಹೆಂಡತಿಯನ್ನು ಕರೆತಂದು ಗಂಗಾವತಿಯಲ್ಲಿ ಮನೆ ಮಾಡಿದೆ. ಪಕ್ಕದ ಮನೆಯ ಮುದುಕಿ ಮಗಳಿಗೆ ಏನಾಗಿತ್ತೆಂದು ಕೇಳಿದಳು. “ಸ್ವಲ್ಪ ಜ್ವರ ಬಂದಿದ್ದವು” ಎಂದೆ.

ಒಳಗಿನಿಂದ ಹೆಂಡತಿ ಹೊರಬಂದಳು. “ಸ್ವಲ್ಪ ಅಂತೀರಿ? ಸ್ವಲ್ಪ ಬಂದ್ರ ಸಾಯ್ತಾರೇನ್ರಿ? ನಿಮ್ಮ ಬಾಯಾಗ ಯಾರ ಕುಂತಾರ?”

ಹೊಳೆಯ ದಂಡೆಯಲ್ಲಿ ಒಬ್ಬನೇ ಇದ್ದಾಗ ‘ಭಾಳ’ ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ನಾಲಿಗೆ ಹೊರಳಿತು, ಮಾತು ಮಾತ್ರ ಪೊಳ್ಳಾಗಿ ಕೇಳಿಸಿತು. ಆಕೆ ಬಹಳ ದಿನ ನನ್ನೊಡನೆ ಮಾತು ಬಿಟ್ಟಳು.

ಸಾಹೇಬರು ತಮ್ಮ ದೇಶಕ್ಕೆ ಹೋದರು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಿನಿಂದ ಅಂಗಳದವರೆಗೆ ಕೂಸು ತಪ್ಪು ಹೆಜ್ಜೆ ಇಡುವಂಥ ಸಪ್ಪಳವಾಯಿತು. ಹೆಂಡತಿಯೂ ತಲೆಯೆತ್ತಿದಳು.

“ಕೇಳಿಸ್ತೇನ್ರಿ?”

“ಕೇಳಿಸ್ತು” ಎಂದೆ.

ಆಕೆ ಚಾಪೆಯ ಮೇಲೆ ಸರಿದು ಕುಳಿತು, ನಮ್ಮಿಬ್ಬರ ನಡುವೆ ಜಾಗ ಬಿಟ್ಟಳು.